ಮನಿಮನಿಗೆ ರೊಕ್ಕ ಒಯ್ದಾಕಿ

ನಾಚಾರಂ, ಹೈದರಾಬಾದ್
27 ಫೆಬ್ರವರಿ 2025, ಗುರುವಾರ

ಪ್ರೀತಿಯ ಸುಭದ್ರಾಗ,

ನಿನ್ನ ಗೆಳತಿ ಶೀತಲ ಬರಿಯೋದು. ನಾ ಚಲೋ ಇದ್ದೀನಿ. ನೀನು, ನಿನ್ನ ಮಕ್ಕಳು, ನಿಮ್ಮ ಅತ್ತಿಯವರು ಎಲ್ಲಾರೂ ಆರಾಮ ಇದ್ದೀರಿ ಅಂತ ವೀರಭದ್ರಪ್ಪ ಮಾವ ಹೇಳಿದ್ರು, ಕೇಳಿ ಸಮಾಧಾನ ಆತು. ಅವರ ಕೈಯಾಗ ನೀ ಕೊಟ್ಟ ಚೀಟಿ ಮುಟ್ಟೈತಿ. ಉತ್ತರ ತಡ ಆತು, ಸಿಟ್ಟಾಗಬ್ಯಾಡ. ಕೆಲಸದಿಂದ ಬಂದು ಪೆನ್ನು ಹಿಡಿತಿದ್ದೆ, ಮ್ಯಾಲ ನಿನ್ನ ಹೆಸರು ಬರದು ಹಂಗ ಕುಂತುಬಿಡ್ತಿದ್ದೆ. ಇವತ್ತ ಕಂಪನ್ಯಾಗ ವೈರಿಂಗ್ ರಿಪೇರಿ ಐತಿ ಅಂತ ಮಧ್ಯಾಹ್ನನ ಬಿಟ್ರು. ನಿನ್ನೆ ಶಿವರಾತ್ರಿ ಉಪವಾಸ ಇದ್ದೆ, ಇವತ್ತ ಅನ್ನಕ್ಕಿಟ್ಟು ಕುಕ್ಕರ್ ಮುಂದ ಕುಂತು ಬರಿಯಾಕತ್ತೀನಿ.

ಚೀಟಿ ಕೆಳಗ ಫೋನ್ ನಂಬರ್ ಬರದಿದ್ದಿ. ಯಾಕ ಮಾಡ್ಲಿಲ್ಲ ಅಂತ ಕೇಳ್ತಿ. ಫೋನಿನ್ಯಾಗ ನನ್ನ ದನಿ ನನ್ನ ಮಾತು ಕೇಳಂಗಿಲ್ಲ ಸುಭದ್ರಾ. ಕಾಗದ ಆದ್ರ ತಡದು ತಡದು ಬರೀಬಹುದು. ಮತ್ತ ನಮ್ಮ ತವರೂರಿನ ಕನ್ನಡ ಸಾಲ್ಯಾಗ ಒಂದ ಪಾಟಿ ಹಂಚ್ಕೊಂಡು ಕಲ್ತವರು ನಾವು. ಒಂದ ಊರಿನ ಹೆಣ್ಮಕ್ಕಳು, ಒಂದ ಊರಿಗೆ ಸೊಸೆ ಆಗಿ ಬಂದ್ವಿ, ಎದುರು ಬದುರು ಮನಿ. ಇಷ್ಟು ಇದ್ರೂ ನಿಂಗ ನಾ ಬರಿಯೋ ಮೊದಲನೇ ಕಾಗದ ಇದು. ಹಾದಿ ದಾಟಿದ್ರ ಸಿಗೋವಾಕಿಗೆ ಯಾರು ಕಾಗದ ಬರೀತಾರ?

ಇಲ್ಲಿ ಕನ್ನಡ ಮಾತಾಡಾಕ ನಂಗ ಯಾರೂ ಇಲ್ಲ. ಈ ಊರಿನ್ಯಾಗ ಕನ್ನಡದವರಿಗೆ ಕಮ್ಮಿ ಇಲ್ಲ ಅಂತಾರ, ದೊಡ್ಡ ದೊಡ್ಡ ಕಾರ್ಖಾನ್ಯಾಗ ಅವರದ ಸಂಘ, ಅವರದ ಹಬ್ಬ. ನಾ ಇರೋ ಗಲ್ಲ್ಯಾಗ ಇಲ್ಲ. ಕಂಪನ್ಯಾಗ ಹುಡುಗ್ಯಾರ ಕೂಡ ತೆಲುಗು, ಸೂಪರ್‌ವೈಜರ್ ಕೌಶಲ್ ಕೂಡ ಹಿಂದಿ. ಸುರುವಿಗೆ ಬಂದಾಗ ನನ್ನ ಗಂಡ ಶಾಂತಪ್ಪನ ಅಕ್ಕ ಸುಂದರಾಬಾಯಿ ಜೊತಿ ಇದ್ರು, ಅವರ ಖೋಲ್ಯಾಗ ನಂಗೂ ಜಾಗ ಕೊಟ್ಟಿದ್ರು. ಅವರೂ ಹೋದ ವರ್ಷ ಮಗಳ ಬಾಣಂತನ ಅಂತ ಸೊಲ್ಲಾಪುರಕ್ಕ ಹೋದವರು ಅಲ್ಲೇ ಉಳಿದ್ರು. ಈಗ ನಾ ಅಡಗಿ ಮಾಡ್ಕೋತ ನನ್ನಷ್ಟಕ್ಕ ನಾ ಮಾತಾಡ್ತೀನಿ, 'ಉಪ್ಪು ಕಮ್ಮಿ ಆತು ನೋಡು' ಅಂತ. ಮನಿ ಮಾಲಕಿ ಒಮ್ಮೆ ಬಾಗಿಲದಾಗ ನಿಂತು ಕೇಳಿ, ಯಾರ ಕೂಡ ಫೋನು ಅಂದ್ರು. ಹೂಂ ಫೋನು ಅಂದೆ.

ಇರ್ಲಿ. ಮಾವ ಬಂದು ಹೋದ ಸುದ್ದಿ ನಿಂಗ ಹೇಳಬೇಕು. ನೀನ ಕಳಿಸಿದಾಕಿ, ಏನಾತು ಅಂತ ತಿಳಕೊಳ್ಳೋ ಹಕ್ಕು ನಿಂದು.

ಅವತ್ತು ರವಿವಾರ. ಬಟ್ಟಿ ಒಗದು ಮಾಳಗಿ ಮ್ಯಾಲ ಹಾಕಾಕತ್ತಿದ್ದೆ. ಗೊತ್ತಿಲ್ಲದ ನಂಬರಿನಿಂದ ಫೋನ್ ಬಂತು. ನಾ ತೆಲುಗಿನ್ಯಾಗ ಯಾರು ಅಂತ ಕೇಳಿದೆ. ಆ ಕಡಿಂದ, "ಶೀತಲ ಏನವ್ವಾ? ನಾ ವೀರಭದ್ರಪ್ಪ. ನಾಂಪಲ್ಲಿ ಟೇಶನ್ನಿನ್ಯಾಗ ಕುಂತೀನಿ" ಅಂದ್ರು.

ಕೈಯಾಗ ಒದ್ದಿ ಸೀರಿ ಇತ್ತು, ಹಂಗ ಹಿಡಕೊಂಡು ನಿಂತೆ. ರಾಂಗ್ ನಂಬರ್ ಅಂದಿದ್ರ ನಡೀತಿತ್ತು. ಅವರು ಯಾರದೋ ಫೋನ್ ಬೇಡಿ ಮಾಡಿದ್ರು, ಎರಡನೇ ಸಲ ಬೇಡೋ ಮನಶಾ ಅಲ್ಲ. ಆದ್ರ ಆ 'ಏನವ್ವಾ' ಅನ್ನೋದು ಕಿವಿಗೆ ಬಿತ್ತಲ್ಲ. ಎಷ್ಟು ದಿನಕ್ಕ ಬಿತ್ತೋ. ಅಲ್ಲೇ ಕುಂತಿರ್ರಿ, ಎಲ್ಲೂ ಏಳಬ್ಯಾಡ್ರಿ, ಬಂದೆ ಅಂತ ಅಂದುಬಿಟ್ಟೆ. ಅಂದ ಮ್ಯಾಲ ಕಟ್ಟಿ ಮ್ಯಾಲ ಕುಂತೆ.

ನಿಂಗ ಗೊತ್ತಿದ್ದದ್ದನ್ನ ಮತ್ತ ಬರೀತಾಳ ಅಂತ ನಗಬ್ಯಾಡ. ನೀ ಆ ದಿನ ಎಲ್ಲಾ ನೋಡಿದಾಕಿ ಖರೆ, ಆದ್ರ ನನ್ನ ಕಡಿಂದ ಅದು ಹ್ಯಾಂಗ ಕಂಡಿತ್ತು ಅಂತ ನಾ ಯಾರಿಗೂ ಹೇಳಿಲ್ಲ.

ಕೊರೋನಾದ ಮೊದಲನೇ ವರ್ಷ, ಲಾಕ್‌ಡೌನ್ ಆದಾಗ, ನಮ್ಮೂರಿಗೆ ಬಸ್ ನಿಂತವು. ಹಸಿಶುಂಠಿ ಕಿತ್ತವರ ಮಾಲು ಅಂಗಳದಾಗ ಸುಕ್ಕಾಕತ್ತಿತ್ತು. ಕೇಳೋರಿಲ್ಲದ ಕಲ್ಲಂಗಡಿ ಹೊಲದಾಗ ಒಡದು ದನ ತಿಂದ್ವು. ಆವಾಗ ಸರಕಾರದವರು ರೈತರ ಖಾತೆಗೆ ಎರಡು ಸಾವಿರ ಹಾಕಿದ್ರು, ಹೆಣ್ಮಕ್ಕಳ ಖಾತೆಗೆ ಐದು ನೂರು. ರೊಕ್ಕ ಜಹೀರಾಬಾದಿನ ಬ್ಯಾಂಕಿಗೆ ಬಂದೈತಿ, ಮಂದಿ ಊರಾಗ ಸಿಕ್ಕೊಂಡಾರ. ಬ್ಯಾಂಕಿನವರು ನಂಗ ಪಾಸ್ ಕೊಟ್ಟು, ಮನಿಮನಿಗೆ ಹೋಗಿ ಕೊಟ್ಟು ಬಾರವ್ವ ಅಂದ್ರು. ಮಹಿಳಾ ಸಂಘದಿಂದ ನಂಗ ಬೆರಳಿನ ಮಷೀನು ಕೊಟ್ಟಿದ್ದು ಅದರ ಹಿಂದಿನ ವರ್ಷ. ಹೆಬ್ಬೆರಳು ಒತ್ತಿದ್ರ ಖಾತೆ ತೆರೀತೈತಿ, ರೊಕ್ಕ ನಾ ಕೈಗೆ ಕೊಡಬೇಕು. ಅಷ್ಟ ಕೆಲಸ.

ಅಷ್ಟ ಅಂತೀನಿ, ಆದ್ರ ನಂಗ ಅದ ಎಲ್ಲಾ ಆಗಿತ್ತು. ಶಾಂತಪ್ಪ ತೀರಿಹೋದ ಮ್ಯಾಲ ನಮ್ಮ ಮನ್ಯಾಗ ದೀಪ ಹಚ್ಚಿದ್ರ ಹಚ್ಚಿದೆ, ಇಲ್ಲಂದ್ರ ಇಲ್ಲ. ಮಕ್ಕಳಿಲ್ಲ ಮರಿ ಇಲ್ಲ. ಮಷೀನು ಬಂದ ಮ್ಯಾಲ ಮಂದಿ ನನ್ನ ಅಂಗಳಕ್ಕ ಬರಾಕತ್ತಿದ್ರು, ಲಾಕ್‌ಡೌನಿನ್ಯಾಗ ನಾ ಅವರ ಅಂಗಳಕ್ಕ ಹೋದೆ. ಕಬ್ಬು ಕಡಿಯೋರ ಬೆರಳು ಸವದು ನುಣ್ಣಗ ಆಗಿರ್ತಿದ್ವು, ಮಷೀನು ಹಿಡೀತಿರಲಿಲ್ಲ. ನಾ ಅವರ ಕೈ ನನ್ನ ಕೈಯಾಗ ತೊಗೊಂಡು, ಬೆರಳು ತಿಕ್ಕಿ, ಒತ್ತಿ ಹಿಡಿತಿದ್ದೆ. ಮಷೀನಿನ್ಯಾಗ ಹಸರ ದೀಪ ಹತ್ತಿದ ಕೂಡಲೇ ಮುದುಕ್ಯಾರು ನಗ್ತಿದ್ರು. ಯಾರೂ ಯಾರನ್ನೂ ಮುಟ್ಟದ ದಿನ ಅವು, ಸುಭದ್ರಾ. ಊರಾಗ ನಾ ಒಬ್ಬಾಕಿ ಎಲ್ಲಾರನ್ನೂ ಮುಟ್ಟಿದೆ. ಜಯಮ್ಮತ್ತಿ ಅಂತೂ ಬಾಗಿಲದಾಗ ನಿಂತು ನನ್ನ ಹಾದಿ ಕಾಯ್ತಿದ್ರು. ರೊಕ್ಕದ ಸಲುವಾಗಿ ಅಲ್ಲ, ಮಾತಿನ ಸಲುವಾಗಿ. ಹುಗ್ಗಿ ಮಾಡಿದ ದಿನ ನಂಗೊಂದು ಬಟ್ಟಲ ತಗದಿಟ್ಟಿರ್ತಿದ್ರು. ಅವರ ಯಜಮಾನರು, ಊರಿಗೆ ಹಿರ್ಯಾರಾದ ವೀರಭದ್ರಪ್ಪ ಮಾವ, ನಾಲ್ಕು ಮಂದಿ ಮುಂದ, ಈ ಹೆಣ್ಮಗಳು ನಮ್ಮೂರಿನ ಬ್ಯಾಂಕು ಅಂತ ಅಂದಿದ್ರು.

ಮರು ವರ್ಷ ಬ್ಯಾಸಿಗ್ಯಾಗ ಮತ್ತ ಲಾಕ್‌ಡೌನ್ ಬಿತ್ತು, ಮತ್ತ ರೈತರ ಕಂತು ಬಂತು. ಈ ಸಲ ಬ್ಯಾನಿ ನಮ್ಮೂರಿನ ಒಳಗ ಬಂದಿತ್ತು, ಆದ್ರ ಯಾರೂ ಹೇಳ್ತಿರಲಿಲ್ಲ. ಬಿಸಲಿಗೆ ಜ್ವರ ಅಂತಿದ್ರು. ನಾ ಮೊದಲಿನಂಗ ಮಷೀನು ಹಿಡಕೊಂಡು ಹೊಂಟೆ. ಜಯಮ್ಮತ್ತಿ ಹೊರಸಿನ ಮ್ಯಾಲ ಮಲಗಿದ್ರು, ಎದ್ದು ಕುಂಡ್ರಾಕ ಆಗವಲ್ದು. ಅವರ ಕೈ ಹಿಡದು ನಾನ ಬೆರಳು ಒತ್ತಿಸಿದೆ. ಎಷ್ಟು ಸಲ ಒತ್ತಿದ್ರೂ ಹಿಡೀಲಿಲ್ಲ. "ಬಿಡು ಶೀತಲ, ನನ್ನ ಬೆರಳಿನ್ಯಾಗ ನಾ ಇಲ್ಲ" ಅಂದು ನಕ್ಕರು. ಆ ವಾರದಾಗ ಅವರು ಹೋದ್ರು. ಅವರ ಹಿಂದ ಮತ್ತ ನಾಲ್ಕು ಮಂದಿ.

ಗುಡಿ ಕಟ್ಟಿ ಮುಂದ ಊರು ಕೂಡಿದ ದಿನ ನೀನೂ ಇದ್ದಿ. ಮಾವ ನನ್ನ ಕಡೆ ನೋಡಲಿಲ್ಲ. ನೆಲ ನೋಡ್ಕೋತ ಹೇಳಿದ್ರು: "ಮನಿಮನಿಗೆ ರೊಕ್ಕ ಒಯ್ದಾಕಿನ ರೋಗಾನೂ ಒಯ್ದಾಳ. ಆಕಿ ಹೊಸ್ತಿಲ ಯಾರೂ ತುಳೀಬ್ಯಾಡ್ರಿ." ಯಾರೂ ನನ್ನ ಬೈಲಿಲ್ಲ, ಹೊಡೀಲಿಲ್ಲ. ಅವರು ಹೇಳಿದಂಗ ಮಾಡಿದ್ರು, ಅಷ್ಟ. ಕಿರಾಣಿ ಅಂಗಡ್ಯಾಂವ ಸಾಮಾನು ಕಟ್ಟಿ ಮ್ಯಾಲ ಇಟ್ಟು ದೂರ ಸರೀತಿದ್ದ. ಹಾದ್ಯಾಗ ಎದುರು ಬಂದವರು ಸೆರಗು ಮೂಗಿಗೆ ಹಿಡಿತಿದ್ರು. ಬಸ್ ಸುರು ಆದ ದಿನ ಮಷೀನು ಸಂಘದ ಆಫೀಸಿನ್ಯಾಗ ಇಟ್ಟು, ಮನಿಗೆ ಬೀಗ ಹಾಕಿ, ಸುಂದರಾಬಾಯಿ ಕಡೆ ಬಂದುಬಿಟ್ಟೆ.

ಈಗ ಅದ ಮನಶಾ ನಾಂಪಲ್ಲ್ಯಾಗ ಕುಂತು ನನ್ನ ಹಾದಿ ಕಾಯಾಕತ್ತಾರ. ಆಟೋದಾಗ ಹೋಗೋವಾಗ ನಾ ಏನೇನೋ ಮಾತು ಜೋಡಿಸ್ಕೊಂಡೆ. ಹಿಂಗ ಅನಬೇಕು, ಹಂಗ ಅನಬೇಕು. ನಾಂಪಲ್ಲಿ ಎಕ್ಸಿಬಿಷನ್ ಮುಗಿಯಾಕ ಬಂದಿತ್ತೇನೋ, ಮೈದಾನದ ಮುಂದ ಲಾರಿಯೊಳಗ ತಗಡು, ತೊಟ್ಟಿಲು, ಚಕ್ರ ಏರಿಸಾಕತ್ತಿದ್ರು, ಹಾದಿ ಬಂದ್ ಆಗಿತ್ತು. ಅಲ್ಲಿ ನಿಂತಷ್ಟು ಹೊತ್ತು ಹೊಟ್ಟ್ಯಾಗಿನ ಸಿಟ್ಟು ಕಾಯಿಸ್ಕೊಂಡೆ.

ಹೋಗಿ ನೋಡಿದ್ರ ಬೆಂಚಿನ ತುದಿಗೆ ಕುಂತಿದ್ರು. ಸಣ್ಣ ಆಗ್ಯಾರ, ಸುಭದ್ರಾ. ಅಂಗಿ ಅವರದಲ್ಲ ಅನ್ನಂಗ ಜೋತು ಬಿದ್ದಿತ್ತು. ಮಡಲಾಗ ಚೀಲ, ಚೀಲದ ಮ್ಯಾಲ ಎರಡೂ ಕೈ. ನಾ ಎದುರಿಗೆ ನಿಂತ್ರೂ ಗುರ್ತು ಸಿಗಲಿಲ್ಲ, ಕಣ್ಣಾಗ ಪೊರೆ ಬಂದೈತಿ. ನಾ ಮಾವ ಅಂದೆ. ಜೇಬಿಗೆ ಕೈ ಹಾಕಿ ನಿನ್ನ ಚೀಟಿ ಕೊಟ್ರು. "ಸುಭದ್ರಾ ಕೊಟ್ಟಾಳ" ಅಂದ್ರು. ಕೋರ್ಟಿನ್ಯಾಗ ಸಾಕ್ಷಿ ಕೊಟ್ಟಂಗ. ಜೋಡಿಸ್ಕೊಂಡ ಮಾತೆಲ್ಲಾ ಬಿಟ್ಟು, ಊಟ ಆಗೇತೇನು ಅಂತ ಕೇಳಿದೆ.

ಹಾದ್ಯಾಗ ಅವರ ಕಥಿ ಹೇಳಿದ್ರು. ರೈತರ ಕಂತು ಅವರಿಗೆ ಬರೋದು ನಿಂತು ವರ್ಷದ ಮ್ಯಾಲಾತಂತ. ಮಂಡಲದ ಆಫೀಸಿನ್ಯಾಗ ಬೆರಳು ಒತ್ತಿಸಿದ್ರ ಒಂದೂ ಹಿಡಿಯವಲ್ದು. ಕಣ್ಣು ತೋರಿಸಿದ್ರ ಅದೂ ಇಲ್ಲ. ಆಧಾರ್ ಹೊಸದಾಗಿ ಮಾಡಿಸ್ಕೊಂಡು ಬರ್ರಿ, ಹೈದರಾಬಾದಿನ್ಯಾಗ ಮಾದಾಪುರದಾಗ ದೊಡ್ಡ ಕೇಂದ್ರ ಐತಿ ಅಂದ್ರಂತ. ತಮ್ಮನ ಮಕ್ಕಳಿಗೆ ಕಬ್ಬಿನ ಕಟಾವು ಬಿಟ್ಟು ಬರಾಕ ಆಗಿಲ್ಲ. ಯಾರ ಕಡೆ ಹೋಗಲಿ ಅಂದಾಗ ನೀ ನನ್ನ ಹೆಸರು ಹೇಳಿ, ಸುಂದರಾಬಾಯಿ ಕಡಿಂದ ನನ್ನ ನಂಬರ್ ತರಿಸಿ ಕೊಟ್ಟಿ ಅಂತ. "ನಾ ಬ್ಯಾಡ ಅಂದೆ" ಅಂದ್ರು. "ಸುಭದ್ರಾ, ಆಕಿ ಇಲ್ಲ ಅನ್ನಂಗಿಲ್ಲ, ಹೋಗ್ರಿ ಅಂದ್ಲು."

ನಾ ಇಲ್ಲ ಅನ್ನಂಗಿಲ್ಲ ಅಂತ ನಿಂಗ ಗೊತ್ತಿತ್ತು. ಅದನ್ನ ಕೇಳಿ ನಂಗ ನಗು ಬಂತೋ ಅಳು ಬಂತೋ ತಿಳೀಲಿಲ್ಲ.

ಖೋಲಿ ಮುಂದ ಬಂದಾಗ ಮಾವ ನಿಂತ್ರು. ಚಪ್ಪಲಿ ಬಿಟ್ರು, ಆದ್ರ ಒಳಗ ಕಾಲಿಡಲಿಲ್ಲ. ಕಾಣವಲ್ದೇನೋ ಅಂತ, ಹೊಸ್ತಿಲ ಐತಿ ನೋಡ್ರಿ ಅಂದೆ. "ಕಾಣತೈತಿ" ಅಂದ್ರು. ಇನ್ನೂ ಒಂದು ಗಳಿಗಿ ನಿಂತು ಆಮ್ಯಾಲ ಬಂದ್ರು. ಮಾಲಕಿ ಮ್ಯಾಲಿಂದ ಬಗ್ಗಿ ಆ ದೊಡ್ಡ ಮನಶಾ ಯಾರಮ್ಮಾ ಅಂತ ತೆಲುಗಿನ್ಯಾಗ ಕೇಳಿದ್ರು. ಏನಂತ ಹೇಳಲಿ? ನಮ್ಮೂರವರು ಅಂದೆ. ಅಷ್ಟಾದ್ರೂ ಹೇಳಾಕ ಬಂತಲ್ಲ ಅಂತ ಆತು.

ಮುಂಜಾನೆ ಜಳಕ ಮಾಡಿ ಮೂಲ್ಯಾಗ ಕುಂತು ಲಿಂಗಪೂಜಿ ಮಾಡ್ಕೊಂಡ್ರು. ನನ್ನ ಖೋಲ್ಯಾಗ ವಿಭೂತಿ ವಾಸನಿ ಬಂದದ್ದು ಅವತ್ತ ಮೊದಲು. ಒಬ್ಬಾಕಿ ಅಂತ ನಾ ದಿನಾ ಅನ್ನ ಸಾರು ಮಾಡ್ಕೋತೀನಿ, ಅವತ್ತ ಜೋಳದ ಹಿಟ್ಟು ತಂದು ರೊಟ್ಟಿ ಬಡದೆ. ಸದ್ದು ಕೇಳಿ ಮಾಲಕಿ ಮತ್ತ ಬಗ್ಗಿ ನೋಡಿದ್ರು. ಶೇಂಗಾ ಹಿಂಡಿ ಕೂಡ ಮಾವ ಮೂರು ರೊಟ್ಟಿ ತಿಂದ್ರು. ಕಬ್ಬು ಫ್ಯಾಕ್ಟ್ರಿಗೆ ಹೋಗೇತೋ ಇಲ್ಲೋ, ಶುಂಠಿ ರೇಟು ಎಷ್ಟೈತಿ, ಯಾರ ಮಗಳಿಗೆ ಎಲ್ಲಿ ಕೊಟ್ರು, ನಿಮ್ಮ ತಾರಾ ನರ್ಸಿಂಗ್ ಸೇರ್ಯಾಳ, ವೈಭವ ನಿನ್ನಕಿಂತ ಎತ್ತರ ಆಗ್ಯಾನ, ಎಲ್ಲಾ ಕೇಳಿದೆ, ಎಲ್ಲಾ ಹೇಳಿದ್ರು. ಖರೆ ಹೇಳ್ತೀನಿ, ನನ್ನ ಮನಸು ಅವರ ಮ್ಯಾಲ ಸಿಟ್ಟು ಇಟ್ಕೊಂಡಿತ್ತು, ನನ್ನ ನಾಲಿಗಿಗೆ ಮಾತ್ರ ಹಬ್ಬ ಆಗಿತ್ತು. ಬಾಯಿ ತುಂಬ ಕನ್ನಡ.

ಸೋಮವಾರ ಕೌಶಲ್‌ಗೆ ಫೋನ್ ಮಾಡಿ ರಜಾ ಕೇಳಿದೆ. ಯಾರು ಬಂದಾರ ಅಂದ. ಗಾಂವ್‌ಸೇ ಆಯೇ ಹೈಂ ಅಂದೆ. ನಿನಗ ಊರೂ ಐತೇನು, ಎಂದೂ ಹೇಳೇ ಇಲ್ಲಲ್ಲ ಅಂದ.

ಹಬ್ಸಿಗುಡಾದಾಗ ಮೆಟ್ರೋ ಹತ್ತಿದ್ವಿ. ಮಾವ ಕಂಬಿ ಗಟ್ಟಿ ಹಿಡಕೊಂಡು ಕುಂತಿದ್ರು. ಮಾದಾಪುರದಾಗ ಇಳದ್ರ ಕೊರಳಾಗ ಕಾರ್ಡು ಹಾಕ್ಕೊಂಡ ಹುಡುಗ್ರು ಹುಡುಗ್ಯಾರು ಗುಂಪು ಗುಂಪಾಗಿ ಹೊಂಟಿದ್ರು. ಮಾವ ನನ್ನ ಸೆರಗಿನ ತುದಿ ಹಿಡಕೊಂಡ್ರು. ಕೇಳದ ಹಿಡಕೊಂಡ್ರು, ನಾನೂ ಏನೂ ಅನ್ನಲಿಲ್ಲ.

ಕೇಂದ್ರದಾಗ ನಮ್ಮ ನಂಬರ್ ಬರಾಕ ಹೊತ್ತು ಹಿಡೀತು. ಮಷೀನಿನ ಮುಂದ ಕುಂತ ಹುಡುಗಿ ಹೆಸರು ಲಹರಿ ಅಂತ ಬಿಲ್ಲೆ ಮ್ಯಾಲ ಇತ್ತು. ಭಾಳ ಒಳ್ಳೇ ಹುಡುಗಿ. ತಾತಾ ತಾತಾ ಅಂತ ಕರದು, ಒಂದೊಂದು ಬೆರಳು ಒರಸಿ, ಮತ್ತ ಮತ್ತ ಇಟ್ಟು ನೋಡಿದಳು. ಮಾವನ ಕೈ ನಡಗ್ತಿತ್ತು, ಬೆರಳು ಮಷೀನಿನ ಗಾಜಿನ ಮ್ಯಾಲ ನಿಲ್ಲವಲ್ದು. ಅಮ್ಮಾ, ನೀವು ಸ್ವಲ್ಪ ಅವರ ಕೈ ಗಟ್ಟಿ ಹಿಡಕೊಳ್ರಿ ಅಂತ ನಂಗ ತೆಲುಗಿನ್ಯಾಗ ಹೇಳಿದಳು.

ನಾ ಮುಂದ ಹೋಗಲಿಲ್ಲ. ನಾಲ್ಕು ವರ್ಷ ಆಗೇತಿ ನಾ ಯಾರ ಬೆರಳೂ ಮುಟ್ಟಿ. ಕಂಪನ್ಯಾಗ ಸ್ವಿಚ್ಚಿನ ಡಬ್ಬಿ ತುಂಬ್ತೀನಿ, ಪ್ಲಾಸ್ಟಿಕ್ ಮುಟ್ತೀನಿ. ಬಸ್ಸಿನ್ಯಾಗ ಸೈತ ಮೈ ಸಣ್ಣ ಮಾಡ್ಕೊಂಡು ನಿಲ್ತೀನಿ, ಯಾರಿಗೂ ತಾಗಬಾರದು ಅಂತ. ಆಕಿ ಮತ್ತ ಅಮ್ಮಾ ಅಂದಳು. ಆವಾಗ ಮಾವ ತಾವಾಗಿ ಕೈ ನನ್ನ ಕಡೆ ಚಾಚಿದ್ರು. ನಾ ಹಿಡದೆ. ತಣ್ಣಗಿತ್ತು. ಎರಡೂ ಅಂಗೈ ನಡುವ ಇಟ್ಟು ಬೆಚ್ಚಗ ಮಾಡಿ ಬೆರಳು ಒತ್ತಿ ಹಿಡದೆ. ಎಡಗೈದಾಗಿನ ಎರಡು ಬೆರಳು ಹಿಡದ್ವು. ಇಷ್ಟು ಸಾಕು ತಾತಾ, ಆಗ್ತೈತಿ, ಆದ್ರ ಕಣ್ಣಿನ ಆಪರೇಷನ್ ಮಾಡಿಸ್ಕೊಳ್ರಿ ಅಂದಳು ಲಹರಿ.

ಕೆಳಗಿಳದು ಬಂದು ಮೆಟ್ರೋ ಕಂಬದ ನೆರಳಾಗ ಒಂದು ಛಾದ ಬಂಡಿ ಮುಂದ ಕುಂತ್ವಿ. ಮಾವ ಛಾ ಕುಡೀಲಿಲ್ಲ, ಕಪ್ಪು ಹಿಡಕೊಂಡ ಕುಂತ್ರು. ಕಪ್ಪಿನ ಕಡೆ ನೋಡ್ಕೋತ ಹೇಳಿದ್ರು.

"ಅವತ್ತು ಜಯಮ್ಮನ ಕೈನೂ ಹಿಂಗ ಹಿಡದಿದ್ದಿ. ನಾ ಬಾಗಿಲದಾಗ ನಿಂತಿದ್ದೆ."

ನಾ ಕೈಯಾಗಿನ ಕಪ್ಪು ಕೆಳಗಿಟ್ಟೆ.

"ಅದಕ್ಕೂ ಮೊದಲ ಆಕಿಗೆ ಜ್ವರ ಇತ್ತು. ನೀ ಬರೋಕಿಂತ ಮೊದಲ. ಅದರ ಹಿಂದಿನ ವಾರ ನಾ ಬೀದರಕ್ಕ ಮದವಿಗೆ ಹೋಗಿ ಬಂದಿದ್ದೆ, ನಂಗೂ ಕೆಮ್ಮಿತ್ತು. ಯಾರಿಗೂ ಹೇಳಿರಲಿಲ್ಲ."

ಹಂಗಾದ್ರ ಯಾಕ ನನ್ನ ಹೆಸರು ಹೇಳಿದ್ರಿ ಅಂತ ನಾ ಕೇಳಲಿಲ್ಲ ಸುಭದ್ರಾ. ಅವರು ತಾವಾಗಿ ಹೇಳಿದ್ರು.

"ಹೆಂಡ್ತಿ ಸತ್ತ ಮನ್ಯಾಗ ನಾ ಒಬ್ಬನ ಕುಂಡ್ರಬೇಕಾಗಿತ್ತು. ಆ ರೋಗ ನಾನ ಮನಿಗೆ ತಂದೆ ಅಂತ ತಿಳಕೊಂಡು ಆ ಮನ್ಯಾಗ ಕುಂಡ್ರಾಕ ನನ್ನ ಕೈಲೆ ಆಗ್ತಿರಲಿಲ್ಲ. ನೀ ಒಬ್ಬಾಕಿ ಇದ್ದಿ. ಹಿಂದ ಮುಂದ ಯಾರೂ ಇಲ್ಲದಾಕಿ."

ಅಷ್ಟ. ತಪ್ಪಾತು ಅನ್ನಲಿಲ್ಲ. ಕಣ್ಣೀರು ಹಾಕಲಿಲ್ಲ. ನಾನೂ ಹೋಗಲಿ ಬಿಡ್ರಿ ಅನ್ನಲಿಲ್ಲ. ಅಂದಿದ್ರ ಸುಳ್ಳಾಗ್ತಿತ್ತು. ಛಾ ಆರೇತಿ, ಬ್ಯಾರೆ ಹಾಕಿಸ್ಲೇನು ಅಂದೆ. ಬ್ಯಾಡ ಅಂದು ಅದನ್ನ ಕುಡದ್ರು.

ಇದನ್ನ ನೀ ಓದಿ, ಶೀತಲನ ಎದಿ ಮ್ಯಾಲಿನ ಕಲ್ಲು ಇಳೀತು ಅಂದ್ಕೋತಿ. ನಾನೂ ಹಂಗ ಅಂದ್ಕೊಂಡಿದ್ದೆ. ಇವರ ಬಾಯಿಂದ ಈ ಮಾತು ಬರಬೇಕು, ಬಂದ ದಿನ ನಾ ಹಗುರ ಆಗ್ತೀನಿ ಅಂತ. ಕಂಪನ್ಯಾಗ ಡಬ್ಬಿ ತುಂಬ್ಕೋತ ಎಷ್ಟು ಸಲ ಆ ಮಾತು ನಾನ ಅವರ ಬಾಯಾಗ ಹಾಕೀನಿ. ಬಂತು. ತಿರುಗಿ ಬರೋವಾಗ ಮೆಟ್ರೋದ ಕಿಡಕ್ಯಾಗ ನನ್ನ ಮಾರಿ ನೋಡ್ಕೊಂಡೆ, ಅದ ಮಾರಿ. ಪಾಪ ಅನಿಸ್ತು ಅವರ ಮ್ಯಾಲ. ಅವರೂ ನನ್ನಂಗ ಆ ಮನ್ಯಾಗ ಒಬ್ಬರ ಮಾತಾಡ್ಕೊಂಡು ಇದ್ದಿರಬೇಕು. ಆದ್ರ ಹಗುರ ಆಗಲಿಲ್ಲ. ಯಾಕ ಆಗಲಿಲ್ಲ ಅಂತ ಈ ಹತ್ತು ದಿನ ವಿಚಾರ ಮಾಡೀನಿ.

ಮಂಗಳವಾರ ಅವರನ್ನ ರೈಲಿಗೆ ಕೂಡಿಸಿ ಬಂದೆ. ಬಾಜೂಕ ಜಹೀರಾಬಾದಿನ ಒಂದು ಸಂಸಾರ ಕುಂತಿತ್ತು, ಅವರಿಗೆ ಒಪ್ಪಿಸಿದೆ. ಗಾಡಿ ಹೊಂಡೋ ಮುಂದ ಮಾವ ಕಿಡಕ್ಯಾಗಿಂದ, "ಊರಾಗ ನಾ ಹೇಳ್ತೀನಿ. ಕಟ್ಟಿ ಮ್ಯಾಲ ಕುಂತು ಹೇಳಿದ್ದನ್ನ ಕಟ್ಟಿ ಮ್ಯಾಲ ಕುಂತ ಹೇಳ್ತೀನಿ" ಅಂದ್ರು. ಹೇಳ್ಯಾರೋ ಇಲ್ಲೋ ನಿಂಗ ಗೊತ್ತಿರ್ತೈತಿ. ಹೇಳದಿದ್ರೂ ಅವರನ್ನ ಏನೂ ಅನಬ್ಯಾಡ. ಕಣ್ಣಿನ ಆಪರೇಷನ್ ಮಾಡಿಸೋ ಸಲುವಾಗಿ ಅವರ ತಮ್ಮನ ಮಕ್ಕಳಿಗೆ ನೀ ಒಂದು ಮಾತು ಹೇಳು. ಕಂತು ಬಂದ್ರ ನಂಗೂ ತಿಳಿಸು.

ಇನ್ನ ನಿನ್ನ ಚೀಟ್ಯಾಗಿನ ಮಾತು. ಸಂಘಕ್ಕ ಈಗ ನೀನ ಅಧ್ಯಕ್ಷಿ ಅಂತ ಓದಿ ಖುಷಿ ಆತು, ನಿಂಗ ತಕ್ಕ ಕೆಲಸ. ಈಗ ಮಷೀನು ಹಿಡಿಯೋ ಹುಡುಗ ಮದವಿ ಆಗಿ ಊರು ಬಿಡ್ತಾನ, ನೀ ಬಂದು ಮತ್ತ ಹಿಡಿ, ಮುದುಕ್ಯಾರು ನಿನ್ನ ಹೆಸರು ತೆಗೀತಾರ ಅಂತ ಬರದಿ. ಮನಿ ಬೀಗ ತಗದು ಕಸ ಹೊಡಸಿ ಇಡ್ತೀನಿ ಅಂತಾನೂ ಬರದಿ. ನಿನ್ನ ಮನಸು ನಂಗ ಗೊತ್ತಾಗ್ತೈತಿ. ಆದ್ರ ನಾ ಬರಂಗಿಲ್ಲ ಸುಭದ್ರಾ. ಇಲ್ಲಿ ಕೆಲಸ ಪಕ್ಕಾ ಆಗೇತಿ, ಪಿಎಫ್ ಹಿಡಿತಾರ. ಕೌಶಲ್ ಮುಂದಿನ ತಿಂಗಳಿಂದ ಪ್ಯಾಕಿಂಗ್ ಲೈನಿಗೆ ನನ್ನ ಹೆಡ್ ಮಾಡ್ತೀನಿ ಅಂದಾನ. ಖೋಲಿಗೂ ರೂಢಿ ಆಗೀನಿ. ಮತ್ತ ನನ್ನ ಕೈಗೆ ಆ ಮಷೀನಿನ ರೂಢಿ ತಪ್ಪೇತಿ. ಸಂಘದಾಗ ಹತ್ತನೇತ್ತ ಪಾಸಾದ ಸೊಸ್ಯಾರು ಯಾರಾದ್ರೂ ಇದ್ರ ಅವರಿಗೆ ಕೊಡ್ರಿ. ಕೆಲಸ ಕಲಿಸಬೇಕಾದ್ರ ಅವರನ್ನ ಇಲ್ಲಿಗೆ ಕಳಸು, ನನ್ನ ಖೋಲ್ಯಾಗ ಇರಲಿ, ಕಲಿಸಿ ಕಳಸ್ತೀನಿ.

ನಿಮ್ಮ ಅತ್ತಿಯವರಿಗೆ ನನ್ನ ಶರಣಾರ್ಥಿ ಹೇಳು. ತಾರಾ ಪರೀಕ್ಷೆ ಪಾಸಾಗಲಿ, ಆಕಿ ಕೈಗುಣಕ್ಕ ನಾಲ್ಕು ಮಂದಿ ಬದುಕಲಿ. ವೈಭವ ಉದ್ದಕ್ಕ ಬೆಳದಂಗ ಬುದ್ಧ್ಯಾಗೂ ಬೆಳೀಲಿ. ನಿನ್ನ ಯಜಮಾನರ ಹೊಲದಾಗಿನ ಶುಂಠಿಗೆ ಈ ಸಲ ಒಳ್ಳೇ ರೇಟು ಸಿಗಲಿ. ನಿನ್ನ ಸೊಂಟನೋವು ಹ್ಯಾಂಗೈತಿ? ಬಿಂದಿಗಿ ಒಂದ ಬಗಲಾಗ ಹೊರಬ್ಯಾಡ ಅಂತ ಹೇಳಿದ್ರ ನೀ ಎಂದ ಕೇಳಿದಿ. ಮೈ ಜ್ವಾಪಾನ.

ಇಂತಿ ನಿನ್ನ ಓಣಿ ಎದುರು ಮನಿಯಾಕಿ,
ಶೀತಲ

ತಾ.ಕ.: ಕಾಗದ ಮಡಚಿ ಕವರಿನ್ಯಾಗ ಇಟ್ಟೆ. ಮತ್ತ ತಗದೆ. ಪಿಎಫ್, ಪ್ಯಾಕಿಂಗ್ ಲೈನು ಅಂತ ಮ್ಯಾಲ ಬರದದ್ದೆಲ್ಲಾ ಖರೆ, ಆದ್ರ ನಾ ಊರಿಗೆ ಬರದ ಇರೋದು ಅದಕ್ಕಲ್ಲ.

ಅವತ್ತು ಕಟ್ಟಿ ಮುಂದ ಹಿರ್ಯಾರು ನನ್ನ ಒಂದು ಮಾತು ಕೇಳಿದ್ರು. ಒಂದು ಮನಿಂದ ಇನ್ನೊಂದು ಮನಿಗೆ ಹೋಗೋ ಮುಂದ ಕೈ ತೊಳಕೋತಿದ್ದೇನು, ಮಷೀನು ಒರಸ್ತಿದ್ದೇನು, ಯಾರರೆ ನೋಡ್ಯಾರೇನು ಅಂತ. ನಾ ಸುಭದ್ರಾನ್ನ ಕೇಳ್ರಿ ಅಂದೆ. ಯಾಕಂದ್ರ ಎರಡೂ ವರ್ಷ ನನ್ನ ಕೈ ಮ್ಯಾಲ ನೀರು ಹಾಕಿದಾಕಿ ನೀ. ನಿಮ್ಮ ಅಂಗಳದಾಗ ತಂಬಿಗಿ ಹಿಡಕೊಂಡು ನಿಂತಿರ್ತಿದ್ದಿ. ಕೈ ಸುಲದು ಹೋಗ್ತಾವಲ್ಲೇ, ಸಾಕು ಬಿಡು ಅಂತ ಬೈತಿದ್ದಿ. ಎಲ್ಲಾರೂ ನಿನ್ನ ಕಡೆ ತಿರುಗಿದ್ರು. ನೀ ಸೆರಗು ಸರಿ ಮಾಡ್ಕೊಂಡು, "ನಂಗ ನೆನಪಿಲ್ಲ" ಅಂದಿ.

ನಿಮ್ಮ ಅತ್ತಿ ಬಾಜೂಕ ಇದ್ರು. ನಿನ್ನ ಗಂಡ ಜ್ವರದಾಗ ಮಲಗಿದ್ದ. ಮಕ್ಕಳು ಸಣ್ಣವರು. ಇವೆಲ್ಲಾ ಕಾರಣ ನಿನ್ನ ಪರವಾಗಿ ನಾನ ನಂಗ ಹೇಳ್ಕೊಂಡೀನಿ. ಮಾವ ಅಂದದ್ದನ್ನ ನಾ ಒಂದಿನ ಮರೀಬಹುದು, ಅವರಿಗೆ ನಾ ಯಾರೂ ಅಲ್ಲ.

ನೀ ಕಟ್ಟಿ ಮ್ಯಾಲ ಏನೂ ಹೇಳಬ್ಯಾಡ. ತಪ್ಪಾತು ಅಂತಾನೂ ಬರೀಬ್ಯಾಡ. ನೀರು ಹಾಕಿದ್ದು ನೆನಪೈತಿ ಅಂತ ಇಷ್ಟ ಬರಿ, ನಂಗೊಬ್ಬಾಕಿಗೆ. ಇಲ್ಲಿ ಇದನ್ನ ಕೇಳಾಕ ಯಾರೂ ಇಲ್ಲದ, ನಾ ಒಬ್ಬಾಕಿನ ನೆನಸ್ಕೊಂಡು ನೆನಸ್ಕೊಂಡು, ಅದು ಖರೇನ ಆಗಿತ್ತೋ ಇಲ್ಲೋ ಅಂತ ಈಗೀಗ ನಂಗೂ ಅನುಮಾನ ಬರಾಕತ್ತೈತಿ.